ಕರಾವಳಿಯ ಒಣಮೀನು: ಉಪ್ಪು, ಬಿಸಿಲು, ಹೊಗೆ

ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕಡಲಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಈ ನಿಯಮ ಬರುವ ಮೊದಲೂ ಮಳೆಗಾಲದ ಅಬ್ಬರಕ್ಕೆ ದೋಣಿಗಳು ದಡ ಸೇರುತ್ತಿದ್ದವು. ಆ ದಿನಗಳಿಗೆ ಆಸರೆ ಒಣಮೀನು.

ಮಲ್ಪೆಯಿಂದ ಕಾರವಾರದವರೆಗೆ ಇದರ ಶ್ರೇಯ ಮುಖ್ಯವಾಗಿ ಸಲ್ಲಬೇಕಾದದ್ದು ಮೊಗವೀರ, ಖಾರ್ವಿ ಮೀನುಗಾರ ಸಮುದಾಯಗಳ ಹೆಂಗಸರಿಗೆ. ಬಂಗುಡೆಯ ಬೆನ್ನು ಸೀಳಿ, ಕರುಳು, ಕಿವಿರು ತೆಗೆದು ತೊಳೆದು, ಒಳಮೈಗೆ ಕಲ್ಲುಪ್ಪು ತುಂಬಿ ಪದರಪದರವಾಗಿ ಜೋಡಿಸುತ್ತಾರೆ. ಉಪ್ಪು ಮೀನಿನ ನೀರನ್ನು ಹೊರಗೆಳೆದ ಮೇಲೆ ಬಿಸಿಲಿಗೆ ಹರಡುತ್ತಾರೆ. ಪುಟ್ಟ ಬೊಳೆಂಜಿರ್ ಮೀನಿಗೆ ಬಿಸಿಲೊಂದೇ ಸಾಕು.

ಮಳೆ ಹಿಡಿದರೆ ಮೀನು ಒಲೆಯ ಮೇಲಿನ ಅಟ್ಟಕ್ಕೇರುತ್ತಿತ್ತು. ಸೌದೆಯ ಹೊಗೆ ತೇವವನ್ನೂ ಹುಳುವನ್ನೂ ದೂರವಿಡುತ್ತಿತ್ತು. ಉತ್ತರ ಅಮೆರಿಕದ ಪೆಸಿಫಿಕ್ ಕರಾವಳಿಯ ಮೂಲನಿವಾಸಿಗಳು ಸಾಲ್ಮನ್ ಮೀನನ್ನು ಹೊಗೆಮನೆಯಲ್ಲಿ ತೂಗುಹಾಕುವುದರ ಹಿಂದೆಯೂ ಇದೇ ತಿಳಿವಳಿಕೆಯಿದೆ.

ಕೆಂಡದ ಮೇಲೆ ಸುಟ್ಟ ಒಂದು ತುಂಡು ಒಣಮೀನಿದ್ದರೆ ಕುಚ್ಚಲಕ್ಕಿ ಗಂಜಿಗೆ ಬೇರೆ ಪಲ್ಯ ಬೇಕಿರಲಿಲ್ಲ.