ಗಾಂಜಾ: ಮದ್ದೋ, ಅಮಲೋ, ಅಪರಾಧವೋ?



ಮೊನ್ನೆ ಕಾರ್ಕಳದ ಕಡೆ ಗದ್ದೆ ನೋಡಲು ಹೋಗಿದ್ದಾಗ ರೈತರೊಬ್ಬರು ನನ್ನನ್ನು ಬದಿಗೆ ಕರೆದು ಕೇಳಿದರು: “ಅಮ್ಮನಿಗೆ ಗಂಟುನೋವು, ರಾತ್ರಿ ನಿದ್ದೆಯಿಲ್ಲ. ಗಾಂಜಾ ಅದಕ್ಕೆ ಮದ್ದಂತಲ್ಲ ಮಾರಾಯರೆ? ತೋಟದ ಬದಿಯಲ್ಲಿ ನಾಲ್ಕು ಗಿಡ ಹಾಕಿದರೆ ಏನು ತಪ್ಪು?” ಪ್ರಶ್ನೆ ಸಣ್ಣದಲ್ಲ. ಅದರ ಹಿಂದೆ ದೊಡ್ಡ ಚರಿತ್ರೆಯೇ ಉಂಟು.

ಆಯುರ್ವೇದದಲ್ಲಿ ಈ ಗಿಡಕ್ಕೆ ವಿಜಯಾ ಎಂದು ಹೆಸರು. ಅದನ್ನು ಶುದ್ಧಿ ಮಾಡಿ, ಅಳತೆ ನೋಡಿ ಕೊಡುತ್ತಾರೆ. 1839ರಲ್ಲಿ ಕಲ್ಕತ್ತೆಯ ಡಾಕ್ಟರ್ ಓಶಾನೆಸಿಯವರು ಸಂಧಿವಾತ, ಧನುರ್ವಾತದ ರೋಗಿಗಳಿಗೆ ಇದರ ಸತ್ವ ಕೊಟ್ಟು ನೋಡಿ, ನೋವು, ಸೆಟೆತ ತಗ್ಗಿತೆಂದು ಬರೆದರು. ಹೀಗೆ ನಮ್ಮ ಗಿಡ ವಿಲಾಯತಿಯ ಔಷಧದಂಗಡಿಗೂ ಹೋಯಿತು.

ಆದರೆ ಗಾಂಜಾದಿಂದ ಹುಚ್ಚು ಹಿಡಿಯುತ್ತದೆಂಬ ದೂರು ಲಂಡನ್ನಿನ ಪಾರ್ಲಿಮೆಂಟಿನವರೆಗೂ ಮುಟ್ಟಿತು. 1893ರಲ್ಲಿ ಸರ್ಕಾರ ಒಂದು ಆಯೋಗ ನೇಮಿಸಿತು. ಆಗ ನಮ್ಮ ಉಡುಪಿ, ಕಾಪು, ಕಾರ್ಕಳಗಳು ಮದರಾಸು ಪ್ರಾಂತಕ್ಕೆ ಸೇರಿದ್ದವು. ಆ ಪ್ರಾಂತದಲ್ಲೂ ವಿಚಾರಣೆ ನಡೆಯಿತು. ಒಟ್ಟು 1193 ಸಾಕ್ಷಿಗಳು. ಹುಚ್ಚಾಸ್ಪತ್ರೆಗಳ ದಾಖಲೆ ತೆಗೆದು ನೋಡಿದರೆ, ಸರಿಯಾದ ವಿಚಾರಣೆಯಿಲ್ಲದೆಯೇ ಕಾರಣ ‘ಗಾಂಜಾ’ ಎಂದು ಬರೆದದ್ದು ಹಲವು ಕಡೆ ಕಂಡಿತು. ಮಿತವಾದರೆ ಹೆಚ್ಚು ಕೇಡಿಲ್ಲ, ಅತಿಯಾದರೆ ಕೇಡು. ಪೂರ್ತಿ ನಿಷೇಧ ಬೇಡ, ತೆರಿಗೆ ಮತ್ತು ಲೈಸೆನ್ಸಿನ ಹಿಡಿತ ಸಾಕು ಎಂದು 1894ರಲ್ಲಿ ವರದಿಯಾಯಿತು.

ಮುಂದೆ ಗಾಳಿ ತಿರುಗಿತು. 1961ರ ಅಂತರರಾಷ್ಟ್ರೀಯ ಒಪ್ಪಂದ ಗಾಂಜಾವನ್ನು ಅತಿ ಅಪಾಯದ ಪಟ್ಟಿಗೆ ಹಾಕಿತು. 1985ರಲ್ಲಿ ನಮ್ಮ ದೇಶದ ಮಾದಕ ವಸ್ತುಗಳ ಕಾಯಿದೆ ಬಂತು. 2020ರಲ್ಲಿ ವಿಶ್ವಸಂಸ್ಥೆಯ ಸಮಿತಿ 27–25 ಮತಗಳಿಂದ ಅದನ್ನು ಆ ಪಟ್ಟಿಯಿಂದ ಇಳಿಸಿತು. ಭಾರತವೂ ಇಳಿಸುವ ಪರವಾಗಿಯೇ ಮತ ಹಾಕಿತು. ಆದರೂ ನಿಯಂತ್ರಣ ತಪ್ಪಲಿಲ್ಲ. 2018ರಲ್ಲಿ ಅಮೆರಿಕ ಸರ್ಕಾರ ಈ ಗಿಡದ ಅಮಲು ಬಾರದ ಒಂದು ಅಂಶವನ್ನು ಮಕ್ಕಳ ಕಠಿಣ ಅಪಸ್ಮಾರಕ್ಕೆ ಔಷಧವೆಂದು ಒಪ್ಪಿತು. ಇತ್ತ ಎಳೆಯ ಪ್ರಾಯದಲ್ಲಿ ಸೇದುವವರಿಗೆ ಮನೋರೋಗದ ಅಪಾಯ ಹೆಚ್ಚೆಂದೂ ವೈದ್ಯರು ಕಂಡಿದ್ದಾರೆ. ಮಣಿಪಾಲಕ್ಕೆ ಮಕ್ಕಳನ್ನು ಓದಲು ಕಳುಹಿಸಿದವರು ಇದನ್ನು ನೆನಪಿಡಬೇಕು.

ಇನ್ನು ಆ ನಾಲ್ಕು ಗಿಡದ ಮಾತು. ಬರೀ ಎಲೆಯಿಂದ ಮಾಡಿದ ಭಂಗಿ ಈ ಕಾಯಿದೆಯ ‘ಗಾಂಜಾ’ ಅಲ್ಲವೆಂದು ನಮ್ಮ ಹೈಕೋರ್ಟು 2022ರಲ್ಲಿ ಹೇಳಿದ್ದು ನಿಜ. ಅದನ್ನೇ ಹಿಡಿದು ಮೋಸಹೋಗಬೇಡಿ. ಪರವಾನಗಿಯಿಲ್ಲದೆ ಗಿಡ ಬೆಳೆಸುವುದೇ ಅಪರಾಧ. ಹತ್ತು ವರ್ಷದ ತನಕ ಕಠಿಣ ಸಜೆ, ಒಂದು ಲಕ್ಷ ರೂಪಾಯಿ ತನಕ ದಂಡ. ಇನ್ನೊಂದು ಮಾತು ಅನೇಕರಿಗೆ ತಿಳಿಯದು: ನಿಮ್ಮ ಜಾಗದಲ್ಲಿ ಬೇರೆಯವರು ಕದ್ದು ಬೆಳೆಸಿದ್ದು ಗೊತ್ತಿದ್ದೂ ಸುಮ್ಮನಿದ್ದರೆ ನೀವೂ ಶಿಕ್ಷೆಗೆ ಗುರಿ. ಆದುದರಿಂದ ಗುಡ್ಡೆಯ ಮೂಲೆ, ಗೇಣಿಗೆ ಕೊಟ್ಟ ಜಾಗ, ಎಲ್ಲವನ್ನೂ ಆಗಾಗ ನೋಡಿಬನ್ನಿ. ಕಂಡರೆ ಕೂಡಲೇ ಪೊಲೀಸರಿಗೆ ತಿಳಿಸಿ. ಹಸಿರುಗೊಬ್ಬರಕ್ಕೆ ಬಿತ್ತುವ ಸೆಣಬು ಬೇರೆ ಗಿಡ, ಅದಕ್ಕೆ ಹೆದರಬೇಕಾಗಿಲ್ಲ.

ಆ ರೈತರಿಗೆ ನಾನು ಹೇಳಿದ್ದಿಷ್ಟೆ: “ಅಮ್ಮನನ್ನು ಮಣಿಪಾಲದ ಡಾಕ್ಟರರಿಗೋ ಕುತ್ಪಾಡಿಯ ಆಯುರ್ವೇದ ವೈದ್ಯರಿಗೋ ತೋರಿಸಿ. ಮದ್ದಿನ ಅಳತೆ ಅವರಿಗೆ ಗೊತ್ತು. ಚರ್ಚೆ ಮುಗಿಯುವುದು ಯಾವಾಗಲೋ; ಅಲ್ಲಿಯವರೆಗೆ ನೀವು ಜೈಲಿಗೆ ಹೋದರೆ ಅಮ್ಮನನ್ನು ನೋಡುವವರು ಯಾರು?”