ಭೂಕ್ರಯದ ದಾಖಲೆಗಳು ಮತ್ತು ವಂಶಾನ್ವೇಷಣೆ (ಅಮೆರಿಕ ಸಂಯುಕ್ತ ಸಂಸ್ಥಾನ)

ಅಮೆರಿಕದ ಪಶ್ಚಿಮ ಪ್ರಾಂತಗಳಲ್ಲಿ ಮೊದಲು ನೆಲೆಯೂರಿದ ಕುಟುಂಬಗಳ ಪೂರ್ವೇತಿಹಾಸವನ್ನು ಅರಸುವವರಿಗೆ, ಆ ಕುಟುಂಬಗಳು ಸರ್ಕಾರದಿಂದ ಭೂಮಿ ಪಡೆದಾಗ ಹುಟ್ಟಿದ ದಾಖಲೆಗಳು ಪ್ರಧಾನ ಆಧಾರಗಳಾಗಿವೆ. 1850ಕ್ಕೆ ಮುಂಚಿನ ಜನಗಣತಿಗಳು ಮನೆಯ ಯಜಮಾನನ ಹೆಸರನ್ನು ಮಾತ್ರ ಬರೆದು ಉಳಿದವರನ್ನು ಕೇವಲ ಸಂಖ್ಯೆಯಾಗಿ ಗಣಿಸಿದುದರಿಂದಲೂ, ಜನನಮರಣಗಳ ನೋಂದಣಿ ಹೊಸ ವಸತಿಗಳಲ್ಲಿ ಬಹುಕಾಲ ರೂಢಿಗೆ ಬಾರದಿದ್ದುದರಿಂದಲೂ, ಒಬ್ಬ ಬೇಸಾಯಗಾರನ ಬಾಳಿಗೆ ಎಷ್ಟೋ ವೇಳೆ ಅವನ ಜಮೀನಿನ ಕಾಗದವೇ ಉಳಿದಿರುವ ಸಾಕ್ಷ್ಯ.

ಸ್ವಾತಂತ್ರ್ಯಯುದ್ಧದ ಸಾಲದಿಂದ ಬಳಲಿದ್ದ ಹೊಸ ರಾಷ್ಟ್ರವು ಭೂವಿಕ್ರಯದಿಂದ ದ್ರವ್ಯವನ್ನು ಕೂಡಿಸಬೇಕೆಂದು 1785ರಲ್ಲಿ ಶಾಸನವೊಂದನ್ನು ವಿಧಿಸಿ, ಓಹಾಯೋ ನದಿಯ ದಡದಿಂದ ಮೊದಲ್ಗೊಂಡು ನೆಲವನ್ನು ಆರು ಮೈಲಿ ಚೌಕದ ಟೌನ್‌ಷಿಪ್‌ಗಳಾಗಿಯೂ, ಪ್ರತಿಯೊಂದನ್ನು 640 ಎಕರೆಯ 36 ಸೆಕ್ಷನ್‌ಗಳಾಗಿಯೂ ಅಳೆಯಿಸಿತು. ಒಬ್ಬನು ಕೊಳ್ಳಬೇಕಾಗಿದ್ದ ಕನಿಷ್ಠ ಪ್ರಮಾಣ ಒಂದು ಸೆಕ್ಷನ್; ಬಡ ರೈತನಿಗೆ ಎಟುಕದಿದ್ದ ಈ 640 ಎಕರೆಯ ಮಿತಿಯನ್ನು 1800ರ ಶಾಸನವು 320ಕ್ಕೆ ಇಳಿಸಿ, ಎಕರೆಗೆ ಎರಡು ಡಾಲರಿನಂತೆ ಕಂತಿನ ಮೇಲೆ ಕೊಳ್ಳಲು ಅವಕಾಶವಿತ್ತಿತು. 1820ರಲ್ಲಿ ಕಂತಿನ ಪದ್ಧತಿ ರದ್ದಾಗಿ, 80 ಎಕರೆಯನ್ನು ಎಕರೆಗೆ ಒಂದೂಕಾಲು ಡಾಲರಿನ ದರದಲ್ಲಿ ನಗದಾಗಿ ಕೊಳ್ಳುವಂತಾಯಿತು. 1812ರಲ್ಲಿ ಸ್ಥಾಪಿತವಾದ ಜನರಲ್ ಲ್ಯಾಂಡ್ ಆಫೀಸ್ ಈ ವ್ಯವಹಾರದ ಪತ್ರಗಳನ್ನು ಕಾಪಾಡಿತು. ಅವುಗಳ ಕಡತಗಳು ಇಂದು ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ.

ಶಾಸನವು ಅರ್ಜಿದಾರನನ್ನು ಎಷ್ಟು ವಿಚಾರಿಸಿತೋ ಅಷ್ಟೇ ಅವನ ವಿಷಯ ಇಂದಿನ ವಂಶಜನಿಗೆ ದೊರೆಯುತ್ತದೆ. ನಗದು ಕ್ರಯದ ಕಡತದಲ್ಲಿ ಹೆಸರು, ಭೂಮಿಯ ವಿವರ, ತೆತ್ತ ಹಣ ಮತ್ತು ತೇದಿಗಳ ಹೊರತು ಹೆಚ್ಚೇನೂ ಇರುವುದಿಲ್ಲ. ಆದರೆ ವಿವಾಹಿತ ದಂಪತಿಗಳಿಗೆ ಇಮ್ಮಡಿ ಭೂಮಿಯನ್ನಿತ್ತ 1850ರ ಆರೆಗಾನ್ ಶಾಸನದ ಕಡತಗಳಲ್ಲಿ ವಿವಾಹದ ಕಾಲದೇಶಗಳು ನಮೂದಾಗಿವೆ. ಐದು ವರ್ಷ ವಾಸಿಸಿ ಉತ್ತವನಿಗೆ 160 ಎಕರೆಯನ್ನು ಕ್ರಯವಿಲ್ಲದೆ ಕೊಟ್ಟ 1862ರ ಹೋಂಸ್ಟೆಡ್ ಶಾಸನದ ಕಡತಗಳಲ್ಲಿ ವಯಸ್ಸು, ಕುಟುಂಬ, ಕಟ್ಟಿದ ಮನೆ, ಬೆಳೆದ ಪೈರು, ನೆರೆಯವರ ಸಾಕ್ಷಿ ಮತ್ತು ವಿದೇಶದಿಂದ ಬಂದವನಾದರೆ ಪೌರತ್ವದ ಪತ್ರಗಳು ದೊರೆಯುತ್ತವೆ.

ಅನ್ವೇಷಕನು ಸರ್ಕಾರವು ಕೊನೆಗೆ ಕೊಟ್ಟ ಒಡೆತನದ ಹಕ್ಕುಪತ್ರವೊಂದನ್ನೇ ನೆಚ್ಚಬಾರದು. ಹಣ ತೆತ್ತು ವರ್ಷಗಳು ಕಳೆದ ಮೇಲೆ ಅದು ಕೈಸೇರಿದ್ದುಂಟಾದುದರಿಂದ, ಅದರ ತೇದಿಯು ನೆಲೆಯೂರಿದ ತೇದಿಯಲ್ಲ. ಕಂತು ಕಟ್ಟಲಾರದೆ ಭೂಮಿಯನ್ನು ಬಿಟ್ಟವರ ಗುರುತು ಕ್ಷೇತ್ರಾನುಕ್ರಮದ ಖಾತೆಪುಸ್ತಕಗಳಲ್ಲಿ ಮಾತ್ರ ಉಳಿದಿರುವುದುಂಟು. 1833ರ ತರುವಾಯದ ಪತ್ರಗಳಲ್ಲಿನ ರಾಷ್ಟ್ರಾಧ್ಯಕ್ಷನ ಸಹಿಯು ಸಾಮಾನ್ಯವಾಗಿ ಗುಮಾಸ್ತನ ಕೈಬರಹ. ಮೂಲ ಹದಿಮೂರು ರಾಜ್ಯಗಳಲ್ಲಿಯೂ ಕೆಂಟಕಿ, ಟೆನೆಸ್ಸಿ, ಟೆಕ್ಸಾಸ್ ಮೊದಲಾದ ರಾಜ್ಯಗಳಲ್ಲಿಯೂ ಕೇಂದ್ರ ಸರ್ಕಾರವು ಭೂಮಿಯನ್ನು ಹಂಚಲಿಲ್ಲವಾದುದರಿಂದ, ಅಲ್ಲಿನ ಕಾಗದಗಳನ್ನು ಆಯಾ ರಾಜ್ಯದಲ್ಲಿಯೇ ಅರಸಬೇಕು. ಭೂಮಿ ಮುಂದೆ ಕೈಬದಲಾದಾಗ ಕೌಂಟಿ ಕಚೇರಿಯಲ್ಲಿ ನೋಂದಣಿಯಾದ ಕ್ರಯಪತ್ರಗಳು ಇನ್ನೂ ಫಲಪ್ರದ: ಪತ್ನಿಯ ಸಮ್ಮತಿ ಬೇಕಾಗಿದ್ದುದರಿಂದ ಅವಳ ಹೆಸರೂ, ಮೃತನ ಮಕ್ಕಳು ಕೂಡಿ ಮಾರಿದಾಗ ಅವರೆಲ್ಲರ ಹೆಸರುಗಳೂ ಒಂದೇ ಪತ್ರದಲ್ಲಿ ದೊರೆಯಬಹುದು.

ಈ ದಾಖಲೆಗಳಲ್ಲಿ ಮೊದಲ ಒಡೆಯನೆಂದು ಕಾಣುವವನು ನಿಜವಾಗಿ ಮೊದಲಿಗನಲ್ಲ. ಓಹಾಯೋ ಪ್ರಾಂತದ ಬಹುಭಾಗವು ಶಾನಿ, ಡೆಲವೇರ್, ಮಯಾಮಿ ಮುಂತಾದ ಮೂಲನಿವಾಸಿ ಜನಾಂಗಗಳು ಯುದ್ಧದಲ್ಲಿ ಸೋತು 1795ರ ಗ್ರೀನ್‌ವಿಲ್ ಒಪ್ಪಂದದಲ್ಲಿ ಬಿಟ್ಟುಕೊಟ್ಟ ನೆಲ. ಆದುದರಿಂದ ತನ್ನ ಪೂರ್ವಜನ ಹಕ್ಕುಪತ್ರವನ್ನು ಓದುವವನು ಅದಕ್ಕೆ ಆಧಾರವಾದ ಒಪ್ಪಂದವನ್ನೂ ಓದಿದಲ್ಲದೆ ಆ ಭೂಮಿಯ ಚರಿತ್ರೆ ಅವನಿಗೆ ಪೂರ್ಣವಾಗಿ ತಿಳಿಯದು.