ಮಗುವಿನ ತೋಳನ್ನು ಯಾರ ಕೈಗೆ ಕೊಡುವುದು?

ಮಗುವಿಗೆ ಮೈ ಬಿಸಿಯಾದರೆ ಯಾವ ಡಾಕ್ಟರ ಬಳಿಗೆ ಹೋಗಬೇಕು? ಇಂದಿನ ತಂದೆತಾಯಿ ಪದವಿಯ ಫಲಕ ನೋಡುತ್ತಾರೆ, ಅಕ್ಕಪಕ್ಕದವರನ್ನು ಕೇಳುತ್ತಾರೆ. ಪದವಿಯ ಫಲಕ ಇನ್ನೂ ಅಪರೂಪವಾಗಿದ್ದ ಕಾಲದಲ್ಲಿ ಈ ಪ್ರಶ್ನೆ ಹೆಚ್ಚು ಕಠಿಣವಾಗಿತ್ತು. ಅದನ್ನು ಎಲ್ಲಕ್ಕಿಂತ ತೀಕ್ಷ್ಣವಾಗಿ ಮುಂದಿಟ್ಟ ರೋಗ ಸಿಡುಬು. ಅದು ತಗಲಿದ ನೂರು ಮಂದಿಯಲ್ಲಿ ಇಪ್ಪತ್ತರಿಂದ ಮೂವತ್ತು ಮಂದಿ ಸಾಯುತ್ತಿದ್ದರು. ಬದುಕಿದವರಲ್ಲಿ ಕೆಲವರು ಕಣ್ಣು ಕಳೆದುಕೊಳ್ಳುತ್ತಿದ್ದರು.

ಜೆನ್ನರನ ಲಸಿಕೆಗೆ ಮೊದಲೇ ಒಂದು ಉಪಾಯವಿತ್ತು. ಸಿಡುಬಿನ ಗುಳ್ಳೆಯ ಕೀವನ್ನು ಆರೋಗ್ಯವಂತ ಮಗುವಿನ ಚರ್ಮಕ್ಕೆ ಚುಚ್ಚಿದರೆ ರೋಗ ಸೌಮ್ಯವಾಗಿ ಬಂದು ಹೋಗುತ್ತಿತ್ತು, ಮತ್ತೆ ಬರುತ್ತಿರಲಿಲ್ಲ. ಬಂಗಾಳದಲ್ಲಿ ಈ ಕೆಲಸ ಮಾಡುತ್ತಿದ್ದವರು ಟೀಕಾದಾರರು. ವಸಂತದ ರೋಗಕಾಲ ಬರುವ ಮುನ್ನ ಅವರು ಊರೂರು ಸುತ್ತುತ್ತಿದ್ದರು. ಪೂಜೆ, ಪಥ್ಯ, ತಣ್ಣೀರಿನ ಸ್ನಾನ ಎಲ್ಲಕ್ಕೂ ಅವರಲ್ಲಿ ನಿಯಮಗಳಿದ್ದವು. ಕಲ್ಕತ್ತೆಯಲ್ಲಿದ್ದ ಜೆ. ಝಡ್. ಹಾಲ್‌ವೆಲ್ 1767ರಲ್ಲಿ ಈ ಪದ್ಧತಿಯ ವಿವರಗಳನ್ನು ಲಂಡನ್ನಿನ ವೈದ್ಯರ ಮುಂದಿಟ್ಟ.

ಈ ಚುಚ್ಚುವಿಕೆಯಿಂದಲೂ ನೂರಕ್ಕೆ ಒಬ್ಬಿಬ್ಬರು ಸಾಯುವುದುಂಟು. ಆದ್ದರಿಂದ ನಿರ್ಧಾರ ಸುಲಭವಿರಲಿಲ್ಲ. ಇಂಗ್ಲೆಂಡಿನ ಲೇಡಿ ಮೇರಿ ವರ್ಟ್ಲಿ ಮಾಂಟೆಗು ಸಿಡುಬಿಗೆ ತಮ್ಮನನ್ನು ಕಳೆದುಕೊಂಡಿದ್ದಳು. ತನ್ನ ಮುಖದ ಚೆಲುವನ್ನೂ ಕಳೆದುಕೊಂಡಿದ್ದಳು. ಗಂಡ ರಾಯಭಾರಿಯಾಗಿದ್ದ ಕಾನ್‌ಸ್ಟಾಂಟಿನೋಪಲ್‌ನಲ್ಲಿ, 1718ರಲ್ಲಿ, ಆಕೆ ಮಗನಿಗೆ ಚುಚ್ಚಿಸಿದಳು. ಆ ಕೆಲಸಕ್ಕೆ ಕರೆಸಿದ್ದು ಅನುಭವಿಯಾದ ಒಬ್ಬ ಗ್ರೀಕ್ ಮುದುಕಿಯನ್ನು. ಮುದುಕಿಯ ಕೈ ನಡುಗುತ್ತಿತ್ತು, ಸೂಜಿ ತುಕ್ಕು ಹಿಡಿದಿತ್ತು. ಇನ್ನೊಂದು ತೋಳಿಗೆ ರಾಯಭಾರ ಕಚೇರಿಯ ಶಸ್ತ್ರವೈದ್ಯ ಮೇಟ್‌ಲಂಡ್ ತಾನೇ ಚುಚ್ಚಿದ. ಹುಡುಗ ಬದುಕಿದ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ನನ ಕಥೆ ಇದಕ್ಕೆ ವಿರುದ್ಧ. ಚುಚ್ಚಿಸದೆ ಉಳಿದ ಅವನ ನಾಲ್ಕು ವರ್ಷದ ಮಗ 1736ರಲ್ಲಿ ಸಿಡುಬಿನಿಂದ ತೀರಿಕೊಂಡ. ಆ ಕೊರಗನ್ನು ತಂದೆ ಆತ್ಮಕಥೆಯಲ್ಲಿ ಬರೆದಿಟ್ಟ. ಉಳಿದ ತಂದೆತಾಯಿಗಳಿಗೆ ಎಚ್ಚರಿಕೆಯಾಗಲೆಂಬುದೇ ಅವನ ಉದ್ದೇಶ.

1796ರಲ್ಲಿ ಎಡ್ವರ್ಡ್ ಜೆನ್ನರ್ ಗೋಸಿಡುಬಿನಿಂದ ಸುರಕ್ಷಿತ ದಾರಿ ತೋರಿಸಿದ. ಬಾಗ್ದಾದ್, ಬಸ್ರಾ ಮಾರ್ಗವಾಗಿ ಬಂದ ಆ ಲಸಿಕೆಯನ್ನು ಭಾರತದಲ್ಲಿ ಮೊದಲು ಪಡೆದವಳು ಮುಂಬಯಿಯ ಮೂರು ವರ್ಷದ ಅನ್ನಾ ಡಸ್ಟ್‌ಹಾಲ್. ದಿನಾಂಕ 1802ರ ಜೂನ್ 14. ಅವಳ ತೋಳಿನ ಗುಳ್ಳೆಯಿಂದ ಇನ್ನಷ್ಟು ಮಕ್ಕಳಿಗೆ, ಅವರಿಂದ ಮತ್ತಷ್ಟು ಮಕ್ಕಳಿಗೆ ಲಸಿಕೆ ಸಾಗಿತು.

ತೊಡಕು ಇದ್ದದ್ದು ಇಲ್ಲಿಯೇ. ಲಸಿಕೆ ಹಾಕಿಸಿಕೊಂಡ ಮಗುವನ್ನು ಸುಮಾರು ಎಂಟನೆಯ ದಿನ ಮತ್ತೆ ತರಬೇಕು; ಬೇರೆ ಮಕ್ಕಳಿಗಾಗಿ ಅದರ ಗುಳ್ಳೆಯನ್ನು ಮತ್ತೆ ಕುಕ್ಕಬೇಕು. ಯಾವ ಜಾತಿಯ, ಯಾವ ಮನೆಯ ಮಗುವಿನ ರಸವೋ ತಮ್ಮ ಮಗುವಿನ ಮೈ ಸೇರುತ್ತಿತ್ತು. ಈ ಕ್ರಮದಲ್ಲಿ ಒಮ್ಮೊಮ್ಮೆ ಬೇರೆ ರೋಗವೂ ದಾಟುತ್ತಿತ್ತು. ಟೀಕಾದಾರ ಪರಿಚಿತ ಮನುಷ್ಯ. ಅವನ ಕೆಲಸದ ಫಲವನ್ನು ಜನ ನೆರೆಮನೆಯಲ್ಲಿ ಕಂಡಿದ್ದರು. ಸರ್ಕಾರದ ಲಸಿಕೆಯವನು ಅಪರಿಚಿತ. ಹಾಗಾಗಿ ಹಿಂದೇಟು ಹಾಕಿದ ತಾಯಂದಿರದ್ದು ಬರೀ ಮೂಢನಂಬಿಕೆ ಎನ್ನುವುದು ಅನ್ಯಾಯ. ಅಮ್ಮನ ಕೋಪಕ್ಕೆ ಗುರಿಯಾದೇವೆಂಬ ಭಯವೂ ಇತ್ತು, ನಿಜ. ಆದರೆ ಟೀಕಾದಾರನ ವಿಧಾನದಲ್ಲಿ ಮತ್ತೊಂದು ಅಪಾಯ ಅಡಗಿತ್ತು. ಅವನು ಕೊಡುತ್ತಿದ್ದದ್ದು ನಿಜವಾದ ಸಿಡುಬು. ಚುಚ್ಚಿಸಿಕೊಂಡ ಮಗುವಿನಿಂದ ಪಕ್ಕದ ಮನೆಯ ಮಗುವಿಗೆ ರೋಗ ತಗಲಿ ಪ್ರಾಣ ಹೋಗಬಹುದಿತ್ತು. ಗೋಸಿಡುಬಿನ ಲಸಿಕೆಯಲ್ಲಿ ಆ ಭಯವಿರಲಿಲ್ಲ.

ಮೈಸೂರಿಗೆ ಈ ಕಥೆಯಲ್ಲಿ ವಿಶೇಷ ಸ್ಥಾನವಿದೆ. 1799ರಲ್ಲಿ ಪಟ್ಟವೇರಿದ ಮುಮ್ಮಡಿ ಕೃಷ್ಣರಾಜ ಒಡೆಯರು ಆಗ ಐದು ವರ್ಷದ ಬಾಲಕ. ಥಾಮಸ್ ಹಿಕಿ ಎಂಬ ಚಿತ್ರಕಾರ ಸುಮಾರು 1805ರಲ್ಲಿ ಬರೆದ ವರ್ಣಚಿತ್ರವೊಂದರಲ್ಲಿ ಮೂವರು ಸ್ತ್ರೀಯರಿದ್ದಾರೆ. ಅವರು ಮೈಸೂರು ಅರಮನೆಯ ರಾಣಿಯರು ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರ ವಾದ. ಬಲಗಡೆಯ ಎಳೆಯ ರಾಣಿ ದೇವಾಜಮ್ಮಣ್ಣಿ ಸೀರೆ ಸರಿಸಿ ತೋಳಿನ ಲಸಿಕೆಯ ಜಾಗವನ್ನು ತೋರಿಸುತ್ತಿದ್ದಾಳೆ ಎಂದು ಅವರು ಅರ್ಥೈಸುತ್ತಾರೆ. ರಾಣಿ ಲಸಿಕೆ ಹಾಕಿಸಿಕೊಂಡಳೆಂಬ ಸುದ್ದಿಯಿಂದ ಪ್ರಜೆಗಳೂ ಮುಂದೆ ಬಂದರೆಂದು 1806ರ ದಾಖಲೆ ಹೇಳುತ್ತದೆ. ಆ ರಾಣಿಯೂ ಆಗ ಹುಡುಗಿಯೇ. ಸಾವಿರ ಮಾತಿಗಿಂತ ಅರಮನೆಯವರೇ ತಮ್ಮ ಮಗುವಿನ ತೋಳನ್ನು ಮುಂದೆ ಚಾಚಿದ್ದು ಜನರಿಗೆ ಹೆಚ್ಚು ನಂಬಿಕೆ ಕೊಟ್ಟಿರಬೇಕು.

ಮುಂದೆ ಕರುವಿನ ಚರ್ಮದಿಂದ ಲಸಿಕೆ ತಯಾರಿಸುವ ಕ್ರಮ ಬಂದು, ಮಕ್ಕಳ ತೋಳಿನಿಂದ ತೋಳಿಗೆ ಸಾಗಿಸುವ ಪದ್ಧತಿ ನಿಂತಿತು. ತಾಯಂದಿರ ದೊಡ್ಡ ಆಕ್ಷೇಪಣೆಯೊಂದು ಅದರೊಂದಿಗೆ ಹೋಯಿತು. ದಾಕು ಹಾಕುವವರು ಹಳ್ಳಿಹಳ್ಳಿಗೆ ಬಂದರು. ಅವರನ್ನು ಕಂಡು ಮಕ್ಕಳು ಅಟ್ಟ ಹತ್ತಿದ ಕಥೆಗಳನ್ನು ಹಿರಿಯರು ಹೇಳುತ್ತಾರೆ. 1975ರಲ್ಲಿ ಭಾರತದ ಕೊನೆಯ ಸಿಡುಬು ಪ್ರಕರಣ ಕಂಡಿತು. 1980ರ ಮೇ 8ರಂದು ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಭೆ ಘೋಷಿಸಿತು.

ಇಂದು ವೈದ್ಯರಿಗೆ ಪದವಿಯಿದೆ, ನೋಂದಣಿಯಿದೆ. ಆದರೂ ತಂದೆತಾಯಿ ಕೇಳುವ ಪ್ರಶ್ನೆಗಳು ಹೆಚ್ಚು ಬದಲಾಗಿಲ್ಲ. ಇವರು ಬೇರೆ ಮಕ್ಕಳನ್ನು ಗುಣಪಡಿಸಿದ್ದಾರೆಯೇ? ಕೇಳಿದ್ದಕ್ಕೆ ಉತ್ತರ ಹೇಳುತ್ತಾರೆಯೇ? ನಾಳೆ ಮಗುವಿಗೆ ತೊಂದರೆಯಾದರೆ ಕೈಗೆ ಸಿಗುತ್ತಾರೆಯೇ? ಅಜ್ಜ ಅಜ್ಜಿಯರ ತೋಳಿನ ಮೇಲೆ ಉಳಿದಿರುವ ಆ ಅಗಲವಾದ ಗುರುತು, ಎಂದೋ ಒಬ್ಬ ತಾಯಿ ಹೀಗೆಯೇ ಯೋಚಿಸಿ, ಹೆದರುತ್ತಲೇ ಒಪ್ಪಿಕೊಂಡದ್ದರ ಸಾಕ್ಷಿ.